ಶಿವುಗೊಂದು ಸಪರೇಟ್ ರೂಮು

ಮದುವೆಯಾಗಿ ಬಂದಂದಿನಿಂದ ರೇಷ್ಮೆ ಹುಳ ಸಾಕಿದವಳು ನಾನು. ಹುಳಕ್ಕೆ ಗಾಳಿ ಎಷ್ಟು ಬೇಕು, ಬೆಳಕು ಎಷ್ಟು ಬೇಕು, ಯಾವ ಸಂದಿಯಿಂದ ನೊಣ ನುಗ್ಗುತ್ತದೆ, ಎಲ್ಲ ಗೊತ್ತು. ಒಂದೇ ಕೋಣೆಯಲ್ಲಿ ಲಕ್ಷ ಜೀವವನ್ನು ಸುಖವಾಗಿ ಮಲಗಿಸಿದವಳಿಗೆ ಇಬ್ಬರು ಮನುಷ್ಯರನ್ನು ಮಲಗಿಸುವುದು ಯಾವ ಮಹಾ ಕೆಲಸ?

ಹೀಗೆಂದುಕೊಂಡೇ ನಾನು ಕೆಟ್ಟದ್ದು.

ನಮ್ಮದು ಕೊಳ್ಳೇಗಾಲದ ಪಕ್ಕದ ಹಳ್ಳಿ. ಮನೆ ಸಣ್ಣದು. ಒಂದು ಹಾಲು, ಒಂದು ರೂಮು. ರೂಮು ದೊಡ್ಡ ಮಗ, ಸೊಸೆಯದು. ಹಾಲಿನಲ್ಲಿ ನಾನು, ನಮ್ಮ ಯಜಮಾನರು, ಇಬ್ಬರು ಮೊಮ್ಮಕ್ಕಳು, ಒಂದು ಟಿವಿ. ಕಿರಿಮಗ ಶಿವು ಹಿತ್ತಲಿನ ಹಳೇ ಹುಳದ ಮನೆಯಲ್ಲಿ ತನ್ನ ಪಿಕಪ್ ಗಾಡಿ ನಿಲ್ಲಿಸಿಕೊಂಡು, ಅದರ ಸೀಟಿನ ಮೇಲೆಯೇ ಕಾಲು ಮಡಿಚಿ ಮಲಗುತ್ತಿದ್ದ. ಹುಳಕ್ಕೆ ಈಗ ತೋಟದಲ್ಲಿ ಹೊಸ ಶೆಡ್ಡಾಗಿದೆ. ನನ್ನ ಮಗನಿಗೆ ಹಳೇದು.

ಶಿವುಗೆ ಮೂವತ್ತಾರು ವರ್ಷ. ಬಾಡಿಗೆ ಹೊಡೆಯುತ್ತಾನೆ, ಕುಡಿಯುವುದಿಲ್ಲ, ತಲೆಗೂದಲು ಅರ್ಧ ಉಳಿದಿದೆ. ಆದರೂ ಹೆಣ್ಣು ಸಿಕ್ಕಿರಲಿಲ್ಲ. ನಮ್ಮ ಕಡೆ ಹಳ್ಳಿ ಗಂಡಿಗೆ ಹೆಣ್ಣು ಸಿಗುವುದು ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲಿ ಕಾಣುವುದಕ್ಕಿಂತ ಕಷ್ಟ. ಹುಲಿಯಾದರೂ ಒಮ್ಮೊಮ್ಮೆ ರಸ್ತೆಗೆ ಬರುತ್ತದೆ!

ಹೀಗಿರುವಾಗ ಮದುವೆ ದಲ್ಲಾಳಿ ನಂಜಪ್ಪನ ಫೋನು ಬಂತು.

"ಮಾದೇವಕ್ಕ, ಮಾಂಬಳ್ಳೀಲಿ ಒಂದು ಹೆಣ್ಣದ. ರೇಖಾ ಅಂತ. ಟೈಲರ್ ಅಂಗಡಿ ಮಡೀಕಂಡವ್ಳೆ. ಜಾತ್ಕ ಕೇಳಲ್ಲ, ಜಮೀನು ಕೇಳಲ್ಲ. ಒಂದೇ ಒಂದು ಕೇಳ್ತಳೆ."

"ಏನಂತಪ್ಪಾ?"

"ಗಂಡ ಎಂಡ್ತಿಗೆ ಸಪರೇಟ್ ರೂಮು ಇರ್ಬೇಕಂತೆ. ಒಳಗಡಿಂದ ಚಿಲ್ಕ ಇರ್ಬೇಕಂತೆ. ಅಟ್ಯಾಚ್ ಬಾತ್‌ರೂಮು ಇರ್ಬೇಕಂತೆ. ಅದಾ?"

ನನ್ನ ಬಾಯಿ ನನ್ನನ್ನು ಕೇಳಿ ಮಾತಾಡುವುದಿಲ್ಲ. "ಅಯ್ಯೋ, ಇಲ್ದೆ ಏನು? ಅದ ಕಣಪ್ಪ!" ಅಂತು.

"ಅಂಗಾರೆ ಬರೋ ಭಾನುವಾರ ಬುಟ್ಟು ಆಚೆ ಭಾನುವಾರ ಮನೆ ನೋಡಕ್ಕೆ ಬತ್ತರೆ" ಎಂದು ಫೋನಿಟ್ಟ.

ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದ ಶಿವು ಲೋಟ ಕೆಳಗಿಟ್ಟ.

"ಅವ್ವಾ, ಯಾವ ರೂಮವ್ವಾ ನಮ್ಮನೇಲಿ ಇರದು?"

"ನೀನು ಎಲ್ಲಿ ಮಲಗೀಯಲಾ?"

"ಗಾಡೀಲಿ."

"ಮತ್ತಿನ್ನೇನು? ಅದೇಯಾ ರೂಮು. ಒಸಿ ದೊಡ್ಡದು ಮಾಡದು, ಅಷ್ಟೇಯಾ."

ಗಾಡಿಯ ಹಿಂದೆ ಸಾಮಾನು ತುಂಬುವ ಜಾಗದಲ್ಲಿ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಸುತ್ತ ಶೀಟು ಹೊಡೆದು, ಬಾಗಿಲಿಟ್ಟರೆ ರೂಮಾಗುವುದಿಲ್ಲವೇ? ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿದ್ದಳು, ಹೊರದೇಶದವರು ಇಂಥದ್ದರಲ್ಲೇ ಸಂಸಾರ ಮಾಡುತ್ತಾರಂತೆ. ಅವರೇನು ಹುಳ ಸಾಕಿದವರೇ? ಹಗಲು ಬಾಡಿಗೆಗೆ ಹೋಗುವಾಗ ನಾಲ್ಕು ನಟ್ಟು ಬಿಚ್ಚಿ ಡಬ್ಬ ಕೆಳಗಿಳಿಸುವುದು, ಸಂಜೆ ಮತ್ತೆ ಏರಿಸುವುದು. ಇದು ನನ್ನ ಯೋಜನೆ. ಯೋಜನೆಯಲ್ಲಿ ಏನೂ ತಪ್ಪಿರಲಿಲ್ಲ. ಈಗಲೂ ಹೇಳುತ್ತೇನೆ.

ಅಳತೆಯ ಜವಾಬ್ದಾರಿಯನ್ನು ನಮ್ಮ ಯಜಮಾನರು ವಹಿಸಿಕೊಂಡರು. ಅಂದು ಗಾಡಿ ತುಂಬ ತೆಂಗಿನಕಾಯಿ ಮೂಟೆ. ಹನೂರಿಗೆ ಹೋಗುವ ಲೋಡು. ಹುಳದ ಮನೆಯ ಬಾಗಿಲ ಮೇಲೆ ಅಡ್ಡಗಲ್ಲಿದೆ. ಗಾಡಿಯನ್ನು ಆ ಕಲ್ಲಿನ ಕೆಳಗೇ ನಿಲ್ಲಿಸಿ, ಸಾಮಾನು ತುಂಬುವ ತಳದಿಂದ ಕಲ್ಲಿನವರೆಗೆ ಒಂದು ಬಿದಿರು ಕಡ್ಡಿ ಹಿಡಿದು, ಬಾಯಲ್ಲಿ ಕಚ್ಚಿ ಗುರುತು ಮಾಡಿದರು.

"ಇದಕ್ಕಿಂತ ಎಲ್ಡು ಬೆಳ್ಳು ಕಮ್ಮಿ ಇರ್ಲಿ ಕಣ್ಲೇ ಮಾದೇವಿ. ಸಲೀಸಾಗಿ ಆಚೀಗೆ ಬತ್ತದ" ಎಂದರು.

ಬಾಗಿಲು ಅಳೆಯದೆ ಗೂಡು ಕಟ್ಟುವ ಮೂರ್ಖರು ನಾವಲ್ಲ ಎಂದು ನಾನು ಎದೆಯುಬ್ಬಿಸಿದೆ.

ಕೆಲಸ ಶುರುವಾಯಿತು. ಪಕ್ಕದ ಬೀದಿಯ ವೆಲ್ಡಿಂಗ್ ಬಾಬು ಬಂದ. ಹುಳದ ತಟ್ಟೆ ಇಡುವ ಹಳೇ ಕಬ್ಬಿಣದ ಸ್ಟ್ಯಾಂಡುಗಳನ್ನೇ ಕತ್ತರಿಸಿ ಚೌಕಟ್ಟು ಮಾಡಿಸಿದೆ. ಅದೇ ಸ್ಟ್ಯಾಂಡಿನ ಎರಡು ಅಂತಸ್ತು ಮಂಚವಾಯಿತು. ಕಿಟಕಿಗೆ, ಹುಳವನ್ನು ಕೊಲ್ಲುವ ಊಜಿ ನೊಣ ತಡೆಯುವ ಬಲೆ ಬಿಗಿಸಿದೆ. ಮೂಲೆಯಲ್ಲಿ ಪ್ಲಾಸ್ಟಿಕ್ ಪರದೆ, ಅದರ ಹಿಂದೆ ಒಂದು ನೀರಿನ ಡ್ರಮ್ಮು, ನೀರು ಹೋಗಲು ಗಾಡಿಯ ತಳದಲ್ಲಿ ಒಂದು ತೂತು. ಅದು ಅಟ್ಯಾಚ್ಡ್ ಬಾತ್‌ರೂಮು.

ಯಜಮಾನರು ಪರದೆ ಸರಿಸಿ ನೋಡಿದರು. "ಇದ್ರಲ್ಲಿ ಒಬ್ಬ ಸ್ನಾನ ಮಾಡಿದ್ರೆ ಇನ್ನೊಬ್ಬನಿಗೂ ಆಯ್ತದಲ್ಲೇ?"

"ಗಂಡ ಎಂಡ್ತಿ ತಾನೇ? ಆಗ್ಲಿ ಬುಡಿ!"

ಬಾಬು ನಟ್ಟು ಹಾಕುವಾಗ ಡಬ್ಬ ಒಂದಿಷ್ಟು ಅಲುಗಾಡಿತು. ನನಗೆ ಭಯ. ಮದುಮಕ್ಕಳು ಒಳಗಿರುವಾಗ ಡಬ್ಬ ಬಿದ್ದರೆ ಊರು ಏನಂದೀತು?

"ಬಾಬು, ಭದ್ರವಾಗಿ ಮಾಡಪ್ಪ. ಅಳ್ಳಾಡ್ಬಾರ್ದು. ನಮ್ಮ ಶಿವೂನ ಬಾಳು ಇದ್ರಲ್ಲದ" ಎಂದೆ.

ಒಳ್ಳೆಯ ಹುಡುಗ. ಹಿರಿಯರ ಮಾತು ಮೀರಲಿಲ್ಲ. ನಟ್ಟು ಬಿಸಾಕಿ ಡಬ್ಬವನ್ನು ಗಾಡಿಯ ಬಾಡಿಗೇ ಸುತ್ತಲೂ ವೆಲ್ಡಿಂಗ್ ಮಾಡಿ, "ಆನೆ ಬಂದು ಎಳುದ್ರೂ ಅಳ್ಳಾಡಲ್ಲ ಕಣಜ್ಜಿ" ಎಂದು ಹೇಳಿ, ಇನ್ನೊಂದು ಕೆಲಸ ಇದೆಯೆಂದು ತಮಿಳುನಾಡಿನ ಗಡಿಯ ಪಾಲಾರಿಗೆ ಹೊರಟುಹೋದ.

ಶಿವು ಬಂದು ನೋಡಿ ತಲೆಯ ಮೇಲೆ ಕೈ ಹೊತ್ತ. "ಅವ್ವಾ, ನಾನು ಬಾಡ್ಗೆ ಎಂಗವ್ವಾ ಹೊಡಿಯದು? ರೂಮ್ನಲ್ಲಿ ತೆಂಗಿನಕಾಯಿ ತುಂಬ್ಲಾ?"

"ಮೊದ್ಲು ಮದ್ವೆ ಆಗ್ಲಿ. ಆಮ್ಯಾಕೆ ಬಾಡ್ಗೆ" ಎಂದೆ. ಧೈರ್ಯವಾಗಿಯೇ ಎಂದೆ. ಒಳಗೆ ಮಾತ್ರ ಲೆಕ್ಕ ಬೇರೆಯಿತ್ತು. ಹೆಣ್ಣು ಕೈತಪ್ಪಿದರೆ ಇವನಿಗೆ ಹೆಂಡತಿಯೂ ಇಲ್ಲ, ಕಸುಬೂ ಇಲ್ಲ. ಎರಡನ್ನೂ ಒಂದೇ ಡಬ್ಬದಲ್ಲಿ ಕೂಡಿಹಾಕಿದವಳು ನಾನು.

ಶನಿವಾರ ಸಂಜೆ ಗಾಡಿಯನ್ನು ಹೊರಗೆ ತಂದು ತೊಳೆದು ನಿಲ್ಲಿಸೋಣ ಎಂದೆವು. ಶಿವು ರಿವರ್ಸ್ ತೆಗೆದ.

ಟಣ್!

ಅಡ್ಡಗಲ್ಲಿಗೆ ಡಬ್ಬದ ತಲೆ ತಾಗಿತು. ಮತ್ತೆ ಮುಂದೆ, ಮತ್ತೆ ಹಿಂದೆ. ಟಣ್! ಯಜಮಾನರು ಬಿದಿರು ಕಡ್ಡಿ ತಂದು ಡಬ್ಬದ ಪಕ್ಕ ಹಿಡಿದರು. ಕಚ್ಚಿದ ಗುರುತಿಗಿಂತ ಡಬ್ಬ ಸರಿಯಾಗಿ ಎರಡು ಬೆರಳು ಕಮ್ಮಿಯೇ ಇತ್ತು! ಹಾಗಾದರೆ ಬಾಗಿಲು ಕುಗ್ಗಿತೇ? ನಾನು ಕಲ್ಲನ್ನು ನೋಡಿದೆ. ಕಲ್ಲು ನನ್ನನ್ನು ನೋಡಿತು.

ಶಿವು ಇಳಿದು ಬಂದು ಗಾಡಿಯ ಕೆಳಗಿನ ಸ್ಪ್ರಿಂಗ್ ಪಟ್ಟಿ ನೋಡಿ, ಅಪ್ಪನ ಕಡೆ ತಿರುಗಿದ. "ಅಪ್ಪಾ, ನೀನು ಅಳತೆ ತಕಂಡಾಗ ಗಾಡೀಲಿ ಲೋಡಿತ್ತಾ?"

"ಊಂ ಕಣ್ಲಾ. ತೆಂಗಿನಕಾಯಿ."

"ಲೋಡಿದ್ರೆ ಗಾಡಿ ಕೆಳಕ್ಕೆ ಕೂತಿರ್ತದೆ ಕಣಪ್ಪಾ! ಈಗ ಕಾಲಿ ಗಾಡಿ ಮ್ಯಾಕೆದ್ದದ!"

ಯಜಮಾನರು ಕಡ್ಡಿಯನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿದರು.

ಟಯರಿನ ಗಾಳಿ ಬಿಟ್ಟೆವು. ಒಂದು ಬೆರಳು ಇಳಿಯಿತು. ಡ್ರಮ್ಮಿಗೆ ಬಾಯ್ತುಂಬ ನೀರು ತುಂಬಿದೆವು. ಕೂದಲೆಳೆಯಷ್ಟು ಇಳಿಯಿತು. ಯಜಮಾನರನ್ನು ಹತ್ತಿಸಿ ಕೂರಿಸಿದೆ. ಅವರಿಂದ ಏನೂ ಆಗಲಿಲ್ಲ. ತೆಂಗಿನಕಾಯಿ ಎಲ್ಲ ಹನೂರಿಗೆ ಹೋಗಿತ್ತು. ಬಾಬುಗೆ ಫೋನು ಮಾಡಿದರೆ ಅತ್ತಲಿಂದ ಒಬ್ಬಳು ತಮಿಳಿನಲ್ಲಿ ಏನೋ ಹೇಳಿ ಕಟ್ ಮಾಡಿದಳು.

ರಾತ್ರಿ ನಿದ್ದೆ ಬರಲಿಲ್ಲ. ಸುಮ್ಮನೆ ಒದ್ದಾಡುವುದಕ್ಕಿಂತ ಏನಾದರೂ ಮಾಡೋಣ ಎಂದು ಎದ್ದು, ರೂಮಿನ ಒಳಗೆಲ್ಲ ದಪ್ಪಗೆ ಸುಣ್ಣ ಬಳಿದು ಬ್ಲೀಚಿಂಗ್ ಪುಡಿ ಚೆಲ್ಲಿದೆ. ಹುಳ ಬಿಡುವ ಮುಂಚೆ ಮಾಡುವ ಪದ್ಧತಿ. ಕೈ ತಾನಾಗಿ ಮಾಡಿತು.

ಬೆಳಿಗ್ಗೆ ಹತ್ತಕ್ಕೆ ಬರುತ್ತೇವೆ ಅಂದವರು ಎಂಟೂವರೆಗೇ ಬಂದರು. ಒಂದು ಟೆಂಪೋ ತುಂಬ! ಹೆಣ್ಣಿನ ಅಪ್ಪ ಗುರುಮಲ್ಲಪ್ಪನವರು, ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆಯರು, ಅವರ ರೇಷ್ಮೆ ಸೀರೆಗಳು. ಕೊನೆಯಲ್ಲಿ ರೇಖಾಳೂ ಇಳಿದಳು. ಮನೆ ನೋಡಲು ಹೆಣ್ಣೇ ಬರುವುದನ್ನು ನಾನು ಕಂಡಿರಲಿಲ್ಲ.

"ನಮಸ್ಕಾರ ಅಜ್ಜಿ" ಎಂದಳು.

ಅತ್ತೆ ಅನ್ನಿಸಿಕೊಳ್ಳಲು ಹದಿನೈದು ದಿನದಿಂದ ಕಬ್ಬಿಣ ಹೊತ್ತವಳು ನಾನು. ಅಜ್ಜಿ!

ಉಪ್ಪಿಟ್ಟು ಕೊಟ್ಟೆ, ಕಾಫಿ ಕೊಟ್ಟೆ, ಇನ್ನೊಂದು ಸಲ ಕಾಫಿ ಕೊಟ್ಟೆ. ಎಷ್ಟು ಹೊತ್ತು ತಳ್ಳಲಿ? ಗುರುಮಲ್ಲಪ್ಪನವರು ಲೋಟ ಕೆಳಗಿಟ್ಟು, "ರೂಮು ತೋರ್ಸಿಬುಡಿ ನೋಡವ" ಎಂದರು.

ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋದೆ. ಹುಳದ ಮನೆಯೊಳಗೆ ಗಾಡಿ ಗಾಳಿ ಹೋದ ಟಯರಿನ ಮೇಲೆ ಕುಕ್ಕರಿಸಿತ್ತು.

"ಇದು ಗಾಡಿ" ಎಂದರು ಗುರುಮಲ್ಲಪ್ಪನವರು.

"ಗಾಡಿ ಅಲ್ಲ ಕಣ್ರಪ್ಪ, ರೂಮೇಯಾ. ಕೆಳಗೆ ಚಕ್ರ ಇರದ್ಕೆ ಗಾಡಿ ತರ ಕಾಣ್ತದ" ಎಂದೆ.

ರೇಖಾ ಸೀರೆ ಎತ್ತಿಕೊಂಡು ಹತ್ತಿದಳು. ಒಳಗೆ ಹೋಗಿ ಮಂಚ ತಟ್ಟಿದಳು, ಬಲೆ ಎಳೆದು ನೋಡಿದಳು. ಆಮೇಲೆ ತಲೆ ಹೊರಗೆ ಹಾಕಿ, "ಅತ್ತೆ, ಬನ್ನಿ, ಒಳಗೆ ಎಲ್ಡು ಅಂತಸ್ತದ!" ಎಂದಳು. ನನ್ನನ್ನಲ್ಲ, ಅವಳ ಸೋದರತ್ತೆಯನ್ನು. ಒಬ್ಬರು ಹತ್ತಿದರೆ ಇನ್ನೊಬ್ಬರು ಬಿಡುತ್ತಾರೆಯೇ? ಒಬ್ಬೊಬ್ಬರಾಗಿ ಎಲ್ಲರೂ ತುಂಬಿಕೊಂಡರು. ಕೊನೆಗೆ ಗುರುಮಲ್ಲಪ್ಪನವರೂ ಹತ್ತಿ, ಚಿಲಕ ಗಟ್ಟಿಯಿದೆಯೇ ಎಂದು ಒಳಗಿನಿಂದ ಹಾಕಿ ಪರೀಕ್ಷಿಸಿದರು.

ಆಗ ಶಿವು ನನ್ನ ಸೆರಗು ಜಗ್ಗಿದ. "ಅವ್ವಾ... ಗಾಡಿ ಇಳೀತು!"

ನೋಡುತ್ತೇನೆ, ಅಡ್ಡಗಲ್ಲಿಗಿಂತ ಡಬ್ಬ ತಗ್ಗಿನಲ್ಲಿದೆ! ಬೀಗರ ಭಾರಕ್ಕೆ ಗಾಡಿ ಮೆತ್ತಗೆ ಕೂತಿದೆ. ಇಂಥ ಅವಕಾಶ ಮತ್ತೆ ಸಿಕ್ಕೀತೇ? ನಿನ್ನೆ ಸಂಜೆಯಿಂದ ನನ್ನ ತಲೆಯಲ್ಲಿ ಇದ್ದದ್ದು ಗಾಡಿ ಹೊರಗೆ ಬರಬೇಕು ಅನ್ನುವುದೊಂದೇ. ಒಳಗೆ ಜನ ಇದ್ದಾರೆ ಅನ್ನುವುದು ಹೊಳೆಯಲೇ ಇಲ್ಲ.

"ಓಡ್ಸ್ಲಾ ಶಿವಾ!" ಎಂದು ಕೂಗಿದೆ.

ಅವನೂ ನನ್ನ ಮಗನೇ. ಓಡಿಸಿಯೇಬಿಟ್ಟ!

ಗಾಳಿಯಿಲ್ಲದ ಟಯರಿನ ಮೇಲೆ ಗಾಡಿ ಕುಣಿಯುತ್ತಾ ಹಿಂದಕ್ಕೆ ಹೋಯಿತು. ಒಳಗೆ ಡ್ರಮ್ಮು ಮಗುಚಿದ ಸದ್ದು. ಆಮೇಲೆ ಹೆಂಗಸರ ಕಿರುಚಾಟ. ಅದರ ಮೇಲೆ ಗುರುಮಲ್ಲಪ್ಪನವರ ದನಿ: "ಲೇ, ಎಣ್ಣು ಹೊತ್ಕಂಡು ಓಯ್ತಾವ್ರೆ ಕಣ್ರಲೇ! ಇಡೀರಲೇ!" ಹಿಡಿಯಬೇಕಾದವರೆಲ್ಲ ಡಬ್ಬದ ಒಳಗೇ ಇದ್ದರು.

ಗಾಡಿ ಮನೆಯ ಪಕ್ಕದ ಓಣಿ ದಾಟಿ ಬೀದಿಯಲ್ಲಿ ನಿಂತಿತು. ಚಿಲಕ ಬಿಗಿದು ಕೂತಿತ್ತು. ಒಳಗಿನಿಂದ ದಬದಬ ಬಡಿತ. ಎದುರು ಮನೆಯ ಪುಟ್ಟಸಿದ್ದಮ್ಮ ಬಾಗಿಲಿಗೆ ಬಂದು ಕೇಳಿದಳು: "ಏನವ್ವ, ಶಿವು ಕುರಿ ಯಾಪಾರ ಶುರು ಮಾಡ್ದನಾ?"

"ಚಿಲ್ಕ ಮ್ಯಾಕೆತ್ತಿ ಎಡುಕ್ಕೆ ಎಳೀರಿ!" ಎಂದು ಕೂಗಿದೆ. ಬಾಗಿಲು ತೆರೆಯಿತು. ಮೊದಲು ನೀರು ಬಂತು. ಆಮೇಲೆ ಬೀಗರು ಬಂದರು. ಹಸಿ ಸುಣ್ಣ ಮೆತ್ತಿಕೊಂಡು ಎಲ್ಲರ ಬೆನ್ನೂ ಬೆಳ್ಳಗೆ. ಮೈಯೆಲ್ಲ ಬ್ಲೀಚಿಂಗ್ ನಾತ. ನಲವತ್ತು ವರ್ಷದ ಅನುಭವದಿಂದ ಹೇಳುತ್ತೇನೆ, ಅಂದು ಒಂದು ಊಜಿ ನೊಣವೂ ಅವರ ಹತ್ತಿರ ಸುಳಿಯಲಿಲ್ಲ.

"ರೂಮದ ಅಂದ್ರಿ, ಡಬ್ಬ ತೋರ್ಸುದ್ರಿ. ನೀವು ಮನುಷ್ಯರೇನ್ರೀ?" ಎಂದರು ಗುರುಮಲ್ಲಪ್ಪನವರು. ಬಾಯಿ ಆಗ ಮಾತ್ರ ನನ್ನನ್ನು ಕೇಳಿ ಸುಮ್ಮನಾಯಿತು.

ರೇಖಾ ಕೊನೆಗಿಳಿದಳು. ಮೂಗಿನ ಮೇಲೂ ಸುಣ್ಣ. ಶಿವುವಿನ ಹತ್ತಿರ ಹೋಗಿ, "ಇಷ್ಟು ದಿನ ನೀವು ಎಲ್ಲಿ ಮಲಗ್ತಿದ್ರಿ?" ಎಂದು ಕೇಳಿದಳು.

"ಮುಂದ್ಗಡೆ ಸೀಟ್ನಲ್ಲಿ" ಎಂದ. ಸುಳ್ಳು ಹೇಳಲು ಬಾರದ ಮಗ. ಅಪ್ಪನ ಕಡೆಯಿಂದ ಬಂದದ್ದು.

ಅವಳು ಒಮ್ಮೆ ಆ ಸೀಟಿನ ಕಡೆ ನೋಡಿ ಟೆಂಪೋ ಹತ್ತಿದಳು. ಟೆಂಪೋ ಹೋಯಿತು. ಭಾರ ಇಳಿದ ನಮ್ಮ ಗಾಡಿ ಮತ್ತೆ ಮೇಲೆದ್ದಿತ್ತು. ಹೊರಗೆ ಬಂದದ್ದು ಒಳಗೆ ಹೋಗದು! ಪ್ರತಿ ರಾತ್ರಿ ಗಾಡಿ ಒಳಗಿಡಲು ಮಾಂಬಳ್ಳಿಯಿಂದ ಬೀಗರನ್ನು ಕರೆಸಲು ಆಗುತ್ತದೆಯೇ? ಬೀದಿಯಲ್ಲೇ ನಿಂತಿತು. ಹೋಗುವವರು ಬರುವವರು, "ಮಾದೇವಕ್ಕ, ರೂಮು ಬಾಡ್ಗೆಗೆ ಅದಾ?" ಎಂದು ಕೇಳುತ್ತಿದ್ದರು. ಶಿವು ನನ್ನ ಮುಖ ನೋಡದೆ ಊಟ ಮಾಡುತ್ತಿದ್ದ. ಅವನು ತಟ್ಟೆಯ ಮುಂದೆ ತಲೆ ಬಗ್ಗಿಸಿದಾಗಲೆಲ್ಲ ಉಳಿದ ಅರ್ಧ ಕೂದಲು ಕಾಣುತ್ತಿತ್ತು.

ಮುಂದಿನ ವಾರ ಅಪ್ಪನನ್ನು ಕರೆದುಕೊಂಡು ರೇಖಾಳೇ ಬಂದಳು. ಗುರುಮಲ್ಲಪ್ಪನವರು ನಮ್ಮ ಗೋಡೆಗೆ ಒರಗದೆ, ಎಚ್ಚರಿಕೆಯಿಂದ ನಡುವೆ ಕೂತರು.

"ಅತ್ತೆ" ಎಂದಳು ರೇಖಾ.

ಈ ಸಲ ನನ್ನನ್ನೇ! ಸುಮ್ಮನೆ ಅತ್ತೆ ಅನ್ನುವ ಹುಡುಗಿಯಲ್ಲ, ಏನೋ ಕೇಳಲು ಬಂದಿದ್ದಾಳೆ ಎಂದು ಆಗಲೇ ಗೊತ್ತಾಗಬೇಕಿತ್ತು.

"ರೂಮು ನಂಗೆ ಒಪ್ಗೆ. ಚಿಲ್ಕ ಒಂದು ಸರಿ ಮಾಡ್ಸಿ. ನಿಮ್ಮ ಮಗನೂ ಒಪ್ಗೆ, ಕೇಳಿದ್ದಕ್ಕೆ ಸುಳ್ಳು ಹೇಳ್ನಿಲ್ಲ."

ನಾನು ಸಕ್ಕರೆ ಡಬ್ಬಕ್ಕೆ ಕೈ ಹಾಕಿಯಾಗಿತ್ತು.

"ಆದ್ರೆ ಇದು ನಿಮ್ಮ ಹುಳದ ಮನೆ ಒಳಿಕ್ಕೆ ಓಗಲ್ಲ. ಬೀದೀಲಿ ಸಂಸಾರ ಮಾಡಕ್ಕಾಗಲ್ಲ. ನನ್ನ ಅಂಗ್ಡಿ ಪಕ್ಕ ಕಣ ಅದ, ಇಶಾಲವಾದ ಜಾಗ. ಅಲ್ಲಿಗೇ ತಕಂಡೋಗ್ತೀವಿ. ಏನಂತೀರಿ?"

ನಾನು ಶಿವುವಿನ ಮುಖ ನೋಡಿದೆ. ಒಂದು ವಾರದಿಂದ ನನ್ನನ್ನು ನೋಡದ ಮಗ ಆಗಲೂ ನನ್ನನ್ನು ನೋಡಲಿಲ್ಲ. ಟಯರಿಗೆ ಗಾಳಿ ಹೊಡೆಸಲು ಹೊರಟಿದ್ದ.

ಮದುವೆಯಾಯಿತು. ಬಾಬು ಮಾಂಬಳ್ಳಿಗೆ ಹೋಗಿ ಡಬ್ಬ ಕೊಯ್ದು ಕಣದಲ್ಲಿ ಇಳಿಸಿಕೊಟ್ಟ. ಗಾಡಿ ಮತ್ತೆ ಬಾಡಿಗೆ ಹೊಡೆಯುತ್ತಿದೆ. ಹನೂರಿಗೆ ಲೋಡು ಸಿಕ್ಕಾಗ ಶಿವು ನಮ್ಮ ಮನೆ ಮುಂದೆ ಹಾರನ್ ಹೊಡೆದು ಹೋಗುತ್ತಾನೆ.

ಸೊಸೆ ಮನೆಗೆ ಬರಲಿ ಎಂದು ರೂಮು ಕಟ್ಟಿದೆ. ರೂಮಿಗೆ ಚಕ್ರ ಇತ್ತು. ಮಗನನ್ನು ಕರೆದುಕೊಂಡು ಹೊರಟುಹೋಯಿತು!

ಈಗ ಹುಳದ ಮನೆ ಖಾಲಿ. "ನಾವಿಬ್ರೂ ಅಲ್ಲೇ ಮಲಿಕ್ಕಂಡ್ರೆ ಒಂದು ಸಪರೇಟ್ ರೂಮು ಆಯ್ತದಲ್ಲೇ ಮಾದೇವಿ" ಎಂದು ನಮ್ಮ ಯಜಮಾನರು ನಿನ್ನೆ ಬಿದಿರು ಕಡ್ಡಿ ಹುಡುಕುತ್ತಿದ್ದರು.

ಸಿಗುವುದಿಲ್ಲ. ಒಲೆಗೆ ಹಾಕಿದ್ದೇನೆ.