ಉಪ್ಪಿನಕಾಯಿ ಬರಣಿಯಲ್ಲಿ ಫೈಟರ್

ನಮ್ಮ ಕಾಕಾನಿಗೆ ಈ ಭೂಮಿಯ ಮೇಲೆ ಇದ್ದದ್ದು ಒಬ್ಬನೇ ವೈರಿ. ಮಿಲ್ಲಿನ ಫೋರಮನ್ ಅಲ್ಲ, ಪಕ್ಕದ ಕ್ವಾರ್ಟರ್ಸಿನ ನಾಯಿಯೂ ಅಲ್ಲ. ನೊರೆ!

ನಗಬೇಡಿ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಅವನ ಕೆಲಸವೇ ಅದು. ಬಿದಿರು ಬೆಂದು ಗಂಜಿಯ ಹಾಗೆ ಹರಿದು ಬರುವ ತೊಟ್ಟಿಯ ಮುಂದೆ ನಿಂತು ನೊರೆ ಕಾಯುವುದು. ನೊರೆ ಒಳಗೆ ಸೇರಿದರೆ ಹಾಳೆ ತೂತು! ಬೇರೆಯವರೆಲ್ಲ ಗೇಟು ದಾಟಿದೊಡನೆ ಕೆಲಸ ಮರೆಯುತ್ತಾರೆ. ನಮ್ಮ ಕಾಕಾ ಮರೆತರೆ ತಾನೆ? ಚಹಾದ ಮೇಲಿನ ನೊರೆಯನ್ನು ಚಮಚದಿಂದ ತೆಗೆದು ಚೆಲ್ಲಿಯೇ ಕುಡಿಯುತ್ತಿದ್ದ. ಬೇಳೆ ಕುದಿಯುವಾಗ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಾವಲು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರವಂತೂ ಅವನ ಹೆಂಡತಿ, ಅಂದರೆ ನಮ್ಮ ಕಾಕು, ಅವನನ್ನು ಬಿಟ್ಟುಕೊಳ್ಳುತ್ತಲೇ ಇರಲಿಲ್ಲ.

ನೊರೆಯೊಂದೇ ಆಗಿದ್ದರೆ ಕಾಕು ಹೇಗೋ ಸಂಭಾಳಿಸುತ್ತಿದ್ದಳು. ಆದರೆ ಈ ಮಹಾರಾಯನ ಕಣ್ಣಿಗೆ ಮನೆಯಲ್ಲಿ ಯಾವುದೂ ಹೆಚ್ಚುವರಿ ಕಾಣಬಾರದು! ಕಾಕು ಬಾಗಿಲ ಮುಂದೆ ಹೀರೆಬಳ್ಳಿ ಹಬ್ಬಿಸಲು ಕೋಲು ನೆಟ್ಟು ದಾರ ಕಟ್ಟಿದಳು. "ಇರುವಿ ಬರ್ತಾವ" ಅಂತ ಕಿತ್ತ. ಮತ್ತೆ ಕಟ್ಟಿದಳು. "ಹಾವು ಬರ್ತಾವ" ಅಂತ ಮತ್ತೆ ಕಿತ್ತ. ಮಳೆಗಾಲದಲ್ಲಿ ಇನ್ನೊಮ್ಮೆ ಕಟ್ಟಿದಳು, ಬಳ್ಳಿ ಹೂ ಕೂಡ ಬಿಟ್ಟಿತು. ಈ ಸಲ ಅವನಿಗೆ ನೆಪವೂ ಹೊಳೆಯಲಿಲ್ಲ, ಸುಮ್ಮನೆ ಕಿತ್ತ.

"ಈ ಮನ್ಯಾಗ ನಂದು ಅಂತ ಒಂದು ಬಳ್ಳಿ ಸೈತ ನಿಂದ್ರಗೊಡಂಗಿಲ್ಲ ನೀವು" ಅಂದವಳೇ ಕಾಕು ಹಳಿಯಾಳದ ಹತ್ತಿರದ ತೇರಗಾಂವದ ತವರುಮನೆಗೆ ಹೊರಟುಹೋದಳು.

ದಸರೆ ಹೋಯಿತು, ದೀಪಾವಳಿ ಹೋಯಿತು, ಕಾಕು ಬರಲಿಲ್ಲ. "ಹೋಗಿ ಕರಕೊಂಡು ಬಾರೋ" ಎಂದು ನಮ್ಮವ್ವ ಹೇಳಿದ್ದೇ ಹೇಳಿದ್ದು. "ಹ್ವಾದಾಕಿಗೆ ದಾರಿ ಗೊತ್ತೈತಿ ವೈನಿ. ಬರಾಕೂ ಅದ ದಾರಿ" ಅಂತ ಅತ್ತಿಗೆಯ ಮುಂದೆ ಇವನ ಜಂಬ. ಅವರಿಬ್ಬರ ಜಗಳಕ್ಕೆ ಶಿಕ್ಷೆ ಯಾರಿಗೆ? ನನಗೆ! ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆನಲ್ಲ, ಎರಡೂ ಹೊತ್ತು ರೊಟ್ಟಿ ಡಬ್ಬಿ ಹೊತ್ತು ಹಿಂದಿನ ಸಾಲಿನ ಅವನ ಕ್ವಾರ್ಟರ್ಸಿಗೆ ಹೋಗುವ ಭಾಗ್ಯ ನನ್ನದೇ ಆಯಿತು.

ಹೀಗಿರುವಾಗ ಕನ್ನಡಕ ಮಾಡಿಸಲು ಹುಬ್ಬಳ್ಳಿಗೆ ಹೋದವನು ಕನ್ನಡಕ ಬಿಟ್ಟು ಮೀನು ತಂದ! ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ನವಿಲುಬಣ್ಣದ ಒಂದೇ ಒಂದು ಮೀನು. ಹೆಬ್ಬೆರಳಿನಷ್ಟು ಮೈ, ರೇಷ್ಮೆ ಸೆರಗಿನಂಥ ಬಾಲ.

"ಫೈಟರ್ ಅಂತಾರ ಇದಕ್ಕ" ಎಂದು ಎದೆಯುಬ್ಬಿಸಿದ. "ಇನ್ನೊಂದು ಗಂಡು ಬಿಟ್ರ ಸಾಯೂತನಕ ಕಾದಾಡತೈತಂತ. ಒಬ್ಬಾವನ ಇರ್ತಾನ, ರಾಜಾನ ಹಂಗ!"

"ಹಂಗಾರ ನಿನ್ನ ಪೈಕೀನ ಅನ್ನು" ಅಂದಳು ಅವ್ವ.

ರಾಜನಿಗೆ ಅರಮನೆ ಬೇಡವೇ? ಕಾಕುವಿನ ಗಾಜಿನ ಬರಣಿಯಲ್ಲಿದ್ದ ಮಾವಿನ ಉಪ್ಪಿನಕಾಯಿ ನಮ್ಮ ಮನೆಗೆ ಬಂತು. ಬರಣಿಯನ್ನು ಬೂದಿ ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಮೂಸಿ ಮೂಸಿ ನೋಡಿ, ನನ್ನಿಂದಲೂ ಮೂಸಿಸಿ, ಆಮೇಲೆ ಮೀನು ಬಿಟ್ಟ. ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಅಂತ ಕೋಗಿಲಬನದವರೆಗೆ ಸೈಕಲ್ ತುಳಿದು ಕಾಳಿ ನದಿಯ ನೀರು ತರತೊಡಗಿದ. ಹೆಂಡತಿಗಾಗಿ ತೇರಗಾಂವಕ್ಕೆ ಹೋಗಲು ಕಾಲು ಬಾರದವನು ಹೆಬ್ಬೆರಳಿನಷ್ಟು ಮೀನಿಗಾಗಿ ಕೋಗಿಲಬನಕ್ಕೆ!

ಊಟದ್ದು ಇನ್ನೊಂದು ಕತೆ. ರೊಟ್ಟಿಯ ಚೂರು ಹಾಕಿದ. ಮೀನು ಬಾಯಿಗೆ ಹಾಕಿಕೊಂಡು ಥೂ ಎಂದು ಉಗುಳಿತು. "ಹುಬ್ಬಳ್ಯಾಗ ಬೆಳದು ರೊಟ್ಟಿ ಬ್ಯಾಡಂತಾನಲ್ಲ!" ಎಂದು ಕಾಕಾನಿಗೆ ಭಾರೀ ಬೇಜಾರು. ಸೊಳ್ಳೆ ಮರಿ ತಿನ್ನುತ್ತದೆ ಎಂದು ಗೊತ್ತಾದದ್ದೇ ತಡ, ಚಹಾ ಸೋಸುವ ಜಾಲರಿ ಹಿಡಿದು ಕ್ವಾರ್ಟರ್ಸಿನ ಬಾಗಿಲು ಬಾಗಿಲಿಗೆ ನಿಂತ. "ನಿಮ್ಮ ಬ್ಯಾರಲ್‌ನ್ಯಾಗ ಸೊಳ್ಳಿ ಹುಳಾ ಅದಾವೇನ್ರಿ?"

"ಏನ್ರೀ ಹಂಗಂದ್ರ? ನಮ್ಮ ಮನಿ ನೀರು ಗಂಗಾ ಇದ್ದಂಗೈತಿ!" ಎಂದು ಒಬ್ಬ ಹೆಂಗಸು ಕದ ಹಾಕಿಕೊಂಡಳು. ಬಾಕಿ ಬ್ಯಾರಲ್ಲುಗಳು ಮಾತ್ರ ಆ ವರ್ಷ ಫಳಫಳ!

ಇನ್ನು ಕ್ಷೌರ. ಒಂದು ದಿನ ನನ್ನ ಜೊತೆ ಅವ್ವನೂ ಬಂದಾಗ ಕಾಕಾ ಬರಣಿಯ ಪಕ್ಕ ಕನ್ನಡಿ ಇಟ್ಟುಕೊಂಡು ಗಡ್ಡ ಕೆರೆಯುತ್ತಿದ್ದ. ಕನ್ನಡಿಯಲ್ಲಿ ತನ್ನನ್ನೇ ಕಂಡ ಮೀನು ಕಿವಿರು ಅಗಲಿಸಿ, ಬಾಲ ಬಿಚ್ಚಿ, ಗಾಜಿಗೆ ಡಿಕ್ಕಿ ಹೊಡೆಯಿತು. "ನೋಡ್ರಿ ವೈನಿ, ತನ್ನ ಮಾರಿ ನೋಡಿ ತಾನ ಸಿಟ್ಟಿಗೇಳ್ತಾನ ಹುಚ್ಚಪ್ಪ!" ಎಂದು ಬಿದ್ದು ಬಿದ್ದು ನಕ್ಕ. ಅವ್ವ ಅವನ ಮುಖವನ್ನೇ ನೋಡುತ್ತ ನಿಂತಳು.

ಅಷ್ಟರಲ್ಲಿ ವೈರಿ ಬಂದೇಬಿಟ್ಟ! ಒಂದು ಮುಂಜಾನೆ ಬರಣಿಯ ನೀರಿನ ಮೇಲೆ ಬಿಳಿ ನೊರೆ. ಕಾಕಾ ಚಮಚದಿಂದ ತೆಗೆದು ಚೆಲ್ಲಿದ. ಮರುದಿನ ಮತ್ತೆ ನೊರೆ. ತೆಗೆದ. ಅದರ ಮರುದಿನವೂ! ಡಬ್ಬಿ ಹಿಡಿದು ಹೋದ ನನ್ನ ಮೇಲೆ ಎಗರಿದ.

"ಏ ಹುಡುಗಿ, ಸಬಕಾರ ಪುಡಿ ಹಾಕಿ ತೊಳದಿಯಲ್ಲ ಬರಣೀನ?"

"ನಾ ಯಾಕ ತೊಳೀಲಿ ನಿನ್ನ ಬರಣಿ? ನನಗೇನು ಬ್ಯಾರೆ ಉದ್ಯೋಗ ಇಲ್ಲೇನು?"

"ಮೀನ ಸತ್ರ ನೋಡು ಮತ್ತ!" ಅಂದವನೇ ಬರಣಿಯನ್ನು ತನ್ನತ್ತ ಎಳೆದುಕೊಂಡ. ಅವನು ಹೆದರಿದ್ದು ನಿಜ. ಮನೆಗೆ ಬಂದರೆ ಅವನನ್ನು ನೋಡಿ ಓಡಿಬರುವ ಜೀವ ಅಂತ ಇದ್ದದ್ದು ಅದೊಂದೇ. ಆದರೆ ನನಗೂ ಸಿಟ್ಟು ಬರುವುದಿಲ್ಲವೇ? "ನಡಿ ಹುಬ್ಬಳ್ಳಿಗೆ, ಅಂಗಡ್ಯಾವನ್ನ ಕೇಳೂಣು" ಅಂದೆ. ಬರಣಿಯ ಬಾಯಿಗೆ ತೆಳು ಬಟ್ಟೆ ಕಟ್ಟಿಕೊಂಡು ರವಿವಾರ ಹೊರಟೆವು.

ಬಸ್ಸು ಗಿಚ್ಚ ತುಂಬಿತ್ತು. "ಬರಣಿ ಮ್ಯಾಲ ಟಾಪಿಗೆ ಹಾಕ್ರಿ" ಅಂದ ಕಂಡಕ್ಟರ್.

"ನಿನ್ನ ಕೂಸಿನ್ನ ಟಾಪಿಗೆ ಹಾಕ್ತಿ ಏನು?" ಎಂದು ಕಾಕಾ ಗುಡುಗಿದ. ಹುಬ್ಬಳ್ಳಿ ಮುಟ್ಟುವ ತನಕ ಬರಣಿ ಅವನ ತೊಡೆಯ ಮೇಲೆ, ಚೆಲ್ಲಿದ ನೀರೆಲ್ಲ ಅವನ ಧೋತರದ ಮೇಲೆ.

ಮೀನಿನ ಅಂಗಡಿಯವನು ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಕಾ, ಅದು ಸಬಕಾರ ಅಲ್ಲೋ ಮಾರಾಯಾ! ಅದು ಗೂಡು. ಗಂಡು ಮೀನ ಕಟ್ಟತೈತಿ. ಮ್ಯಾಲೆ ಬಂದು ಗಾಳಿ ನುಂಗಿ, ಬಾಯಾಗ ಒಂದೊಂದ ಗುಳ್ಳಿ ಮಾಡಿ ಕಟ್ಟತೈತಿ. ಹೆಣ್ಣು ತತ್ತಿ ಇಟ್ರ ಅದರಾಗಿಟ್ಟು ಕಾಯಾಂವನೂ ಇವನ."

"ಇಲ್ಲಿ ಹೆಣ್ಣ ಇಲ್ಲಲ್ಲೋ?"

"ಇಲ್ಲದಿದ್ರೂ ಕಟ್ಟತೈತಿ. ಬಂದಾಳು ಅಂತ."

ಕಾಕಾ ಬರಣಿಯ ಬಟ್ಟೆ ಸರಿಸಿ ಒಳಗೆ ಇಣುಕಿದ. "ನಾ ದಿನಾ ಮುಂಜೇಲೆ ತಗದು ಚೆಲ್ಲೀನಿ" ಅಂದ.

"ಮತ್ತ ಕಟ್ಟಿತಿಲ್ಲೋ?"

"ಹೂಂ. ದಿನಾ ಕಟ್ಟಿತು."

ತಿರುಗಿ ಬರುವ ಬಸ್ಸಿನಲ್ಲಿ ಸಬಕಾರದ ಅಪವಾದಕ್ಕೆ ಅವನು ಏನಾದರೂ ಅಂದಾನು ಅಂತ ಕಾದೆ. ಅವನ ಕಣ್ಣೆಲ್ಲ ಬರಣಿಯ ಮೇಲೆ. ಹಳಿಯಾಳದ ಸ್ಟ್ಯಾಂಡ್ ಬಂದದ್ದೇ ಬರಣಿ ಹಿಡಿದು ಎದ್ದ.

"ದಾಂಡೇಲಿ ಇನ್ನೂ ಮುಂದೈತಿ ಕಾಕಾ."

"ಗೊತ್ತೈತಿ. ಇಳಿ."

ತೇರಗಾಂವದ ಮನೆಯ ಕಟ್ಟೆಯ ಮೇಲೆ ಕಾಕು ಅಕ್ಕಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲೇ ಚಪ್ಪರ. ಅದರ ತುಂಬ ಬೀಜಕ್ಕೆ ಬಿಟ್ಟ ಒಣ ಹೀರೇಕಾಯಿ ಜೋತಾಡುತ್ತಿದ್ದವು. ಗಂಡನನ್ನು ನೋಡಿಯೂ ನೋಡದವಳಂತೆ ನನ್ನನ್ನು ಕೇಳಿದಳು. "ಅದು ನನ್ನ ಉಪ್ಪಿನಕಾಯಿ ಬರಣಿ ಅಲ್ಲೇನ?"

ಈಗ ಶುರುವಾಯಿತು ಮಹಾಯುದ್ಧ ಅಂದುಕೊಂಡೆ. ಕಾಕಾ ಚಪ್ಪರವನ್ನೇ ನೋಡುತ್ತ ಕೇಳಿದ. "ಹೀರಿಬೀಜ ಅದಾವೇನು ಒಂದಿಷ್ಟು?"

"ಯಾಕ, ಮತ್ತ ಕೀಳಾಕ?"

"ಕೋಲು ನಾ ನೆಡ್ತೇನಿ. ದಾರಾನೂ ನಾನ ಕಟ್ಟತೇನಿ." ಬರಣಿಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡ. ಮತ್ತೆ ಅಂದ. "ನೀ ಬಂದ್ರೂ ಕಟ್ಟತೇನಿ, ಬರದಿದ್ರೂ ಕಟ್ಟತೇನಿ."

ನನಗೆ ಅಳು ತಡೆಯಲಾಗಲಿಲ್ಲ, ಅತ್ತ ತಿರುಗಿ ನಿಂತೆ. ಕಾಕು ಮೊರ ಕೆಳಗಿಟ್ಟು ಎದ್ದಳು. ಚಪ್ಪರದಿಂದ ಒಂದು ಒಣ ಕಾಯಿ ಕಿತ್ತು ಅಲುಗಾಡಿಸಿ ಬೀಜ ಉದುರಿಸಿಕೊಂಡಳು. ಅವನ ಕೈಗೆ ಕೊಡಲಿಲ್ಲ, ನನ್ನ ಕೈಗೂ ಕೊಡಲಿಲ್ಲ. ತನ್ನ ಸೆರಗಿನ ತುದಿಗೇ ಗಂಟು ಹಾಕಿಕೊಂಡಳು.

"ಆ ಬರಣಿ ಇತ್ತ ಕೊಡ್ರಿ, ಚೆಲ್ಲೀರಿ. ಬಸ್ಸಿನ್ಯಾಗ ನಾ ಹಿಡಕೊಳ್ತೇನಿ" ಅಂದಳು.