ಮೊದಲ ಸಲ ‘ಬೇಡ’ ಅನ್ನಲು ಕಲಿಸಿದ ಗುರುಗಳಿಗೆ

ಮಾನ್ಯರೇ,

ಹೈದರಾಬಾದಿನ ಅಮೀರ್‌ಪೇಟ್ ಮೆಟ್ರೋದ ಮೆಟ್ಟಿಲಿಳಿದ ಕೂಡಲೇ ಮೈಮೇಲೆ ಬೀಳುವಷ್ಟು ಹತ್ತಿರವಿರುವ ನೂರಾರು ಕೋಚಿಂಗ್ ಬೋರ್ಡುಗಳ ನಡುವೆ, ಎಲ್ಲಕ್ಕಿಂತ ಒಂದು ಗೇಣು ಮೇಲೆ, ಕೈಕಟ್ಟಿಕೊಂಡು ನಗುತ್ತ ನಿಂತಿರುವ, ಸಾಫ್ಟ್‌ವೇರ್ ಡೆವಲಪರುಗಳ ಭವಿಷ್ಯಕ್ಕೆ ಹಗಲಿರುಳು ದಾರಿ ತೋರಿಸುತ್ತಿರುವ, ‘ಲಾಂಗ್ ಜಂಪ್ ಕರಿಯರ್ ಅಕಾಡೆಮಿ’ಯ ಸಂಸ್ಥಾಪಕರೂ ನಿರ್ದೇಶಕರೂ ಏಕೈಕ ಉಪನ್ಯಾಸಕರೂ ಆದ ಶ್ರೀ ಪರಮೇಶ ಸರ್ ಅವರ ಸನ್ನಿಧಿಗೆ, ದಿಲ್‌ಸುಖ್‌ನಗರದ ಬಾಡಿಗೆ ಮನೆಯಿಂದ ಕಲ್ಲೇಶ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಸಲಹೆಗಳನ್ನು ಅಕ್ಷರಶಃ ಪಾಲಿಸಿದ ಮೇಲೂ ಕ್ಷೇಮವಾಗಿದ್ದೇವೆ ಎಂಬುದನ್ನು ತಾವು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥನೆ.

ತಮ್ಮ ಅಸಂಖ್ಯಾತ ಶಿಷ್ಯರಲ್ಲಿ ನಾನು ಯಾರೆಂದು ತಮಗೆ ನೆನಪಿರಲಾರದು. ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರಿನವನು, ನಾಚಾರಂನಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ, ನಮ್ಮ ಕಡೆಯವರೇ ಆದ ಹಣಮಂತರಾಯರೆಂಬ ಮಾಲೀಕರ ಕೈಕೆಳಗೆ ಸಾಫ್ಟ್‌ವೇರ್ ಡೆವಲಪರ್. ಅಲ್ಲಿ ಸಾಫ್ಟ್‌ವೇರ್ ವಿಭಾಗವೆಂದರೆ ನಾನೇ, ನನಗೆ ನೆಗಡಿಯಾದರೆ ಇಡೀ ವಿಭಾಗಕ್ಕೇ ರಜೆ. ಅಲ್ಲಿಯ ಸ್ಟಾಕು, ಬಿಲ್ಲು, ಹಾಜರಿ ಎಲ್ಲವೂ ನಾನು ಬರೆದ ಪ್ರೋಗ್ರಾಮಿನ ಮೇಲೆ ನಡೆಯುತ್ತವೆ. ಅದರ ಜೊತೆಗೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ, ಗೇಟಿನ ಕ್ಯಾಮೆರಾ ಮಬ್ಬಾದರೂ, ಮಾಲೀಕರ ಮನೆಯವರ ಮೊಬೈಲಿನಲ್ಲಿ ಅಕ್ಷರ ಸಣ್ಣದಾದರೂ ಕರೆ ಬರುವುದು ನನಗೇ. ಸುಖವಾಗಿದ್ದೆ ಸ್ವಾಮಿ. ಒಂದು ದಿನ ಊಟದ ಬಿಡುವಿನಲ್ಲಿ ಮೊಬೈಲು ತೆರೆದರೆ ತಾವು ವಿಡಿಯೋದಲ್ಲಿ ನೇರ ನನ್ನ ಮೂಗಿನತ್ತ ಬೆರಳು ತೋರಿಸಿ, ‘ವರ್ಷಗಟ್ಟಲೆ ಒಂದೇ ಕುರ್ಚಿಯಲ್ಲಿ ಕೂತವನು ಡೆವಲಪರ್ ಅಲ್ಲ, ಫರ್ನಿಚರ್!’ ಎಂದು ಗುಡುಗಿದಿರಿ. ನಾನು ಬಗ್ಗಿ ನನ್ನ ಕುರ್ಚಿಯನ್ನು ನೋಡಿಕೊಂಡೆ. ಅದರ ಒಂದು ಕಾಲಿಗೆ ನಾನೇ ದಾರ ಸುತ್ತಿದ್ದೆ. ಅಂದೇ ಸಂಜೆ ತಮ್ಮ ಅಕಾಡೆಮಿಗೆ ಹೆಸರು ಹಚ್ಚಿದೆ, ತಾವು ಹಳೇ ಮೈಸೂರಿನ ಕಡೆಯ ಕನ್ನಡದವರೇ ಎಂದು ಅಲ್ಲಿ ತಿಳಿದಾಗಲಂತೂ ಎದೆ ಉಬ್ಬಿತು.

ತಮ್ಮ ಪಾಠಗಳಿಂದ ನಮ್ಮ ಮನೆಯಲ್ಲಿ ಆದ ಪ್ರಗತಿಯನ್ನು ಹೇಗೆ ಬಣ್ಣಿಸಲಿ! ಬೆಳಗ್ಗೆ ಎದ್ದ ಕೂಡಲೇ ಕನ್ನಡಿಯ ಮುಂದೆ ನಿಂತು ನಿಮ್ಮ ಸಾಧನೆಗಳನ್ನು ನಿಮಗೇ ಗಟ್ಟಿಯಾಗಿ ಹೇಳಿಕೊಳ್ಳಿ ಎಂದು ತಾವು ಅಪ್ಪಣೆ ಕೊಡಿಸಿದಿರಿ, ನಮ್ಮ ಮನೆಯಲ್ಲಿ ಕನ್ನಡಿ ಇರುವುದು ಬಚ್ಚಲಿನಲ್ಲಿ ಮಾತ್ರವಾದ್ದರಿಂದ ನಾನು ಒಳಗಿನಿಂದ ಚಿಲಕ ಹಾಕಿಕೊಂಡು, ‘ನಾನು ಸಮಸ್ಯೆಗಳನ್ನು ಬಿಡಿಸುವವನು, ನಾನು ಮುನ್ನುಗ್ಗುವವನು’ ಎಂದು ಕೂಗತೊಡಗಿದೆ. ಹೊರಗೆ ಬಕೆಟ್ಟು ಹಿಡಿದು ನಿಂತಿದ್ದ ನಮ್ಮ ತಾಯಿ ಅಂಬವ್ವನವರು ನಾಲ್ಕು ದಿನ ಸಹಿಸಿಕೊಂಡು, ಐದನೆಯ ದಿನ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಯ ಉರಿಗೆ ಹಾಕಿದರು. ಯಾರ ದೃಷ್ಟಿ ತಾಗಿದೆ ಎಂದು ಕೇಳಿದರೆ, ‘ಮಂದೀದಲ್ಲ, ಅವಂದ ಅವಂಗ ನೆದರ ತಾಗೇತಿ’ ಎಂದರು. ಹತ್ತಿರದವರಿಂದ ವಾರಕ್ಕೊಮ್ಮೆ ನಿಮ್ಮ ಕೊರತೆಗಳನ್ನು ಕೇಳಿ ತಿಳಿಯಿರಿ ಎಂದೂ ತಾವು ಹೇಳಿದ್ದಿರಿ. ನನ್ನ ಹೆಂಡತಿ ಶೀತಲ ಶಾಲೆಯಲ್ಲಿ ಕಲಿಸುವವಳು, ತಿದ್ದುವುದು ಅವಳಿಗೆ ಇಷ್ಟವಾದ ಕೆಲಸ. ನಾನು ಕೇಳಿದ್ದೇ ತಡ, ಕಾಲು ಮಡಚಿ ಕೂತು ಶುರು ಮಾಡಿದವಳು ಅನ್ನ ಆರಿಹೋದ ಮೇಲೆ ಕರುಣೆ ತೋರಿ, ‘ಇವತ್ತಿಗೆ ಇಷ್ಟ ಸಾಕೇನ್ರಿ, ಉಳದಿದ್ದು ನಾಳೆ ಹೇಳ್ಲೇನು?’ ಎಂದಳು.

ಆದರೂ ತಮ್ಮ ವಿದ್ಯೆ ಫಲ ಕೊಟ್ಟಿತು, ಇಲ್ಲವೆನ್ನಲಾರೆ. ಮಾಧಾಪುರದಲ್ಲಿ ಮೇಲಿನಿಂದ ಕೆಳಗಿನತನಕ ಗಾಜೇ ಇರುವ ಒಂದು ದೊಡ್ಡ ಕಂಪನಿಯವರು ನನ್ನನ್ನು ಸುತ್ತಿನ ಮೇಲೆ ಸುತ್ತು ಸಂದರ್ಶನ ಮಾಡಿ, ಕೊನೆಗೆ ಆಯ್ಕೆಯಾಗಿದ್ದೀರಿ, ಸಂಬಳದ ಮಾತು ಫೋನಿನಲ್ಲಿ ಆಡೋಣ ಎಂದು ತಿಳಿಸಿದರು. ‘ಹಳೆಯ ಬಾಗಿಲು ಮುಚ್ಚಿದವನಿಗೇ ಹೊಸ ಬಾಗಿಲು ತೆರೆಯುವುದು’ ಎಂದು ತಾವು ಬೋಧಿಸಿದ್ದರಿಂದ ನಾನು ಆ ಫೋನಿಗೂ ಕಾಯದೆ ಹಣಮಂತರಾಯರ ಮೇಜಿನ ಮೇಲೆ ರಾಜೀನಾಮೆ ಇಟ್ಟೆ. ಅವರು ಅದನ್ನು ಓದಿ, ಕನ್ನಡಕ ತೆಗೆದು, ‘ನಮ್ಮಿಂದ ಏನರ ತಪ್ಪಾಗೇತೇನೋ?’ ಎಂದು ಕೇಳಿದರು. ಇಲ್ಲ, ಕರಿಯರ್ ಎಂದೆ. ಅದೇನು ಜಡ್ಡೋ ಎಂಬಂತೆ ಮರುಕದಿಂದ ನನ್ನನ್ನು ನೋಡಿ, ತಿಂಗಳ ಕೊನೆಗೆ ಬಂದು ಕಾಗದ ಒಯ್ಯಿ ಎಂದರು. ಹೀಗೆ ನಾನು ಒಂದು ಕಾಲು ನಾಚಾರಂನಿಂದ ಎತ್ತಿ, ಇನ್ನೂ ಮಾಧಾಪುರದಲ್ಲಿ ಊರದೆ, ತಮ್ಮ ಬೋರ್ಡಿನ ಮೂಲೆಯಲ್ಲಿ ಲಾಂಗ್ ಜಂಪ್ ಹಾರುತ್ತಿರುವ ಹುಡುಗನ ಚಿತ್ರದಂತೆಯೇ ಗಾಳಿಯಲ್ಲಿದ್ದೆ.

ಆ ವಾರವೇ ತಾವು ಕೋರ್ಸಿನ ಕಿರೀಟದಂಥ ಪಾಠ ಮಾಡಿದಿರಿ. ಮೊದಲ ಆಫರನ್ನು ಯಾವ ಕಾರಣಕ್ಕೂ ಒಪ್ಪಬೇಡಿ, ಬೇಡ ಅನ್ನಿ, ಆಮೇಲೆ ಬಾಯಿ ಮುಚ್ಚಿಕೊಂಡು ಕೂತಿರಿ, ಮೌನ ತಾಳಲಾರದೆ ಎದುರಿನವರು ತಾವಾಗಿಯೇ ಮೇಲೇರುತ್ತಾರೆ. ಕೇಳಿ ನನಗೆ ನಗು ತಡೆಯಲಾಗಲಿಲ್ಲ ಸರ್, ಪಕ್ಕದಲ್ಲಿದ್ದವರು ನೀರು ಕೊಟ್ಟರು. ಯಾಕೆಂದರೆ ಇದು ನಮ್ಮ ಮನೆಯ ಮಕ್ಕಳು ಹಾಲುಹಲ್ಲು ಬೀಳುವ ಮೊದಲೇ ಕಲಿಯುವ ವಿದ್ಯೆ. ನಮ್ಮ ಕಡೆ ಯಾರ ಮನೆಗೆ ಹೋದರೂ ಚಹಾ ಎಂದರೆ ‘ಬ್ಯಾಡ್ರಿ, ಈಗರ ಆಗೇತಿ’ ಎನ್ನಬೇಕು, ಹಸಿವಿನಿಂದ ಕಣ್ಣು ಕತ್ತಲೆ ಬರುತ್ತಿದ್ದರೂ ಊಟ ಎಂದರೆ ‘ಒಲ್ಲೆ’ ಎನ್ನಬೇಕು. ಅದು ಒಲ್ಲೆನೆಂದಲ್ಲ, ಎದುರಿನವರಿಗೆ ಒತ್ತಾಯ ಮಾಡುವ ಪುಣ್ಯ ಸಿಗಲೆಂದು. ಮನೆಯವರು ಎರಡನೆಯ ಸಲ ಕೈಹಿಡಿದು ಕೂಡಿಸುತ್ತಾರೆ, ಮೂರನೆಯ ಸಲ ಆಣೆ ಹಾಕುತ್ತಾರೆ, ಆಮೇಲೆ ನಾವು ಅವರ ಮೇಲೆ ಉಪಕಾರ ಮಾಡುವವರಂತೆ ತಟ್ಟೆಯ ಮುಂದೆ ಕೂತು ನಾಲ್ಕು ಹೋಳಿಗೆ ತಿನ್ನುತ್ತೇವೆ. ನಮ್ಮ ತಾಯಿಯಂತೂ ತಟ್ಟೆಯ ಮೇಲೆ ಅಡ್ಡ ಹಿಡಿದ ಕೈಯ ಬೆರಳಸಂದಿಯಿಂದಲೇ ತುಪ್ಪ ಇಳಿಸುವುದರಲ್ಲಿ ಎತ್ತಿದ ಕೈ. ಇಂಥ ಮನೆತನದವನಿಗೆ ತಾವು ಬೇಡ ಅನ್ನಲು ಕಲಿಸಿದಿರಿ!

ಬುಧವಾರ ಫೋನು ಬಂತು. ಮಾತಾಡಿದವರು ಆ ಕಂಪನಿಯ ಎಚ್‌ಆರ್ ವಿಭಾಗದ ಸಪ್ನಾ ಎಂಬ ಮೇಡಂ, ಬಹಳ ಸಭ್ಯರು, ಅವರ ಇಂಗ್ಲಿಷು ಆರಿಸಿದ ಅಕ್ಕಿಯಂತೆ, ಒಂದು ಕಲ್ಲಿರಲಿಲ್ಲ. ಅವರು ಹೇಳಿದ ಸಂಬಳ ಕೇಳಿ ನಾನು ಗೋಡೆ ಹಿಡಿದುಕೊಂಡೆ. ಆದರೂ ತಮ್ಮ ಮುಖವನ್ನು ಸ್ಮರಿಸಿಕೊಂಡು, ಬರೀ ಬೇಡ ಎಂದರೆ ಒರಟಾದೀತೆಂದು, ಪಂಕ್ತಿಯಲ್ಲಿ ಕೂತು ಆಡುವ ಮಾತುಗಳಷ್ಟನ್ನೂ ಅವಸರದಲ್ಲಿ ಇಂಗ್ಲಿಷಿಗೆ ತಿರುಗಿಸಿ ವಿನಯದಿಂದ ಒಪ್ಪಿಸಿದೆ: ‘ಬೇಡ ಮೇಡಂ, ತಾವು ಕೇಳಿದ್ದೇ ದೊಡ್ಡದು, ಈಗಿರುವುದರಲ್ಲೇ ನನಗೆ ಹೊಟ್ಟೆ ತುಂಬಿದೆ, ಇಷ್ಟು ನನಗೆ ಹೆಚ್ಚಾಯಿತು, ಮುಂದಿನವರಿಗೆ ಕೊಡಿ.’ ಬಳಿಕ ತಮ್ಮ ಆಜ್ಞೆಯಂತೆ ಮೌನ ತಾಳಿದೆ. ಅತ್ತ ಕಡೆಯೂ ಮೌನ. ಮೇಡಂ ಏರುತ್ತಿದ್ದಾರೆ ಎಂದು ನಾನು ಒಳಗೊಳಗೇ ಕುಣಿದೆ. ಅವರು ತುಂಬ ಮೆದುವಾಗಿ, ಇಂಥ ತೃಪ್ತ ಮನುಷ್ಯನನ್ನು ಈ ಕೆಲಸಕ್ಕೆ ಬಂದಾಗಿನಿಂದ ನೋಡಿಲ್ಲವೆಂದೂ, ನನ್ನ ನಿರ್ಧಾರವನ್ನು ಗೌರವಿಸುವುದಾಗಿಯೂ, ಒಳ್ಳೆಯದಾಗಲೆಂದೂ ಹರಸಿ ಫೋನು ಇಟ್ಟರು. ನಾನು ಮಾತ್ರ ಫೋನು ಕಿವಿಗೆ ಒತ್ತಿಕೊಂಡು ಮೌನ ಮುಂದುವರಿಸಿದೆ. ಆ ಮೌನ ಎಷ್ಟು ಗಂಭೀರವಾಗಿತ್ತೆಂದರೆ ದೇವರ ಮುಂದೆ ಹೂ ಏರಿಸುತ್ತಿದ್ದ ನಮ್ಮ ತಾಯಿ ನನಗೂ ಒಂದು ಹೂ ಕೊಟ್ಟರು.

ಮರುದಿನ ನಾನೇ ಫೋನು ಮಾಡಿದೆ. ಆ ಜಾಗವನ್ನು ನಾನು ಸೂಚಿಸಿದಂತೆಯೇ ಮುಂದಿನವರಿಗೆ ಕೊಟ್ಟಾಗಿದೆ ಎಂದರು. ಮನೆಯಲ್ಲಿ ವಿಷಯ ತಿಳಿದಾಗ ನಮ್ಮ ತಾಯಿಗೆ ನನ್ನ ಮೇಲೆ ಎಳ್ಳಷ್ಟೂ ಸಿಟ್ಟು ಬರಲಿಲ್ಲ, ಅವರ ಸಿಟ್ಟೆಲ್ಲ ಕಂಪನಿಯ ಮೇಲೆ. ‘ಒಮ್ಮೆ ಒಲ್ಲೆ ಅಂದ್ರ ಬಿಟ್ಟಬಿಡೂದಾ? ಹಂಗ ಹಸದ ಕಳಸ್ತಾರೇನು ಮಂದೀನ್ನ? ಎಂಥಾ ಮನೀನೋ ಅದು!’ ಎಂದು ಓಣಿಗೆಲ್ಲ ಕೇಳುವಂತೆ ಮಾಧಾಪುರದ ಸಂಸ್ಕಾರವನ್ನು ಎತ್ತಿ ಆಡಿದರು. ಇತ್ತ ಶೀತಲ, ಬಾಡಿಗೆ, ಅವ್ವನ ಔಷಧಿ, ತನ್ನೊಬ್ಬಳ ಸಂಬಳ ಇವನ್ನೆಲ್ಲ ಮನಸ್ಸಿನಲ್ಲೇ ಕೂಡಿಸಿ ಕಳೆದು ಮುಗಿಸಿದ ಮೇಲೆ ಅಡಿಗೆಮನೆಯಿಂದ ಚಹಾ ಬೇಕೇ ಎಂದು ಒಂದೇ ಸಲ ಕೇಳಿದಳು. ನಾನು ಅವಳ ಮಾತು ಮುಗಿಯುವ ಮೊದಲೇ ಬೇಕು ಎಂದೆ. ತಮಾಷೆಯಾಗಿ ಬರೆಯುತ್ತಿದ್ದೇನೆ ಸರ್, ಆದರೆ ಅಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಈ ಪಾಠದ ವಿಡಿಯೋದ ಕೆಳಗೆ, ‘ರಾಯಚೂರು, ಯಾದಗಿರಿ, ಕಲಬುರಗಿ, ಬೀದರ, ಕೊಪ್ಪಳ ಜಿಲ್ಲೆಗಳಲ್ಲಿ ಉಂಡು ಬೆಳೆದವರು ವೈದ್ಯರನ್ನು ಕೇಳದೆ ಈ ಸಲಹೆ ಸೇವಿಸಬಾರದು’ ಎಂಬ ಎಚ್ಚರಿಕೆ ಹಾಕಿಸಬೇಕು. ನಮ್ಮವರ ಮೊದಲನೆಯ ‘ಬೇಡ’ವನ್ನು ಲೆಕ್ಕಕ್ಕೆ ಹಿಡಿಯಬಾರದು, ಎರಡನೆಯದನ್ನು ಕೇಳಿಸದಂತೆ ನಟಿಸಬೇಕು, ಮೂರನೆಯದಕ್ಕೆ ಕೈಹಿಡಿದು ಕುರ್ಚಿಯಲ್ಲಿ ಕೂಡಿಸಬೇಕು ಎಂದು ಹೈಟೆಕ್ ಸಿಟಿಯ ಸಮಸ್ತ ಕಂಪನಿಗಳಿಗೆ ತಾವು ಸುತ್ತೋಲೆ ಹೊರಡಿಸಬೇಕು. ಅವರ ಎಚ್‌ಆರ್ ಸಿಬ್ಬಂದಿಯನ್ನು ತಂಡತಂಡವಾಗಿ ನಮ್ಮ ಮನೆಗೆ ತರಬೇತಿಗೆ ಕಳಿಸಿದರೆ ಅಂಬವ್ವನವರು ಉಚಿತವಾಗಿ ಕಲಿಸಲು ಸಿದ್ಧರಿದ್ದಾರೆ. ಬರುವವರು ಸಡಿಲ ಬಟ್ಟೆ ಹಾಕಿಕೊಂಡು, ಬೆಳಗಿನ ತಿಂಡಿ ಬಿಟ್ಟು ಬರುವುದು ಒಳ್ಳೆಯದು. ಇದ್ಯಾವುದೂ ಆಗದಿದ್ದರೆ ಕಾಲವನ್ನಾದರೂ ಸ್ವಲ್ಪ ಹಿಂದಕ್ಕೆ ಸರಿಸಿ, ನಾನು ಬಾಯಿ ತೆರೆಯುವ ಮುಂಚಿನ ಗಳಿಗೆಗೆ ನಿಲ್ಲಿಸಿಕೊಡಬೇಕು. ಕೆಟ್ಟ ಸಾಫ್ಟ್‌ವೇರನ್ನು ಹಿಂದಿನ ಸ್ಥಿತಿಗೆ ತರುವುದು ನನ್ನಂಥವನಿಗೇ ಬರುತ್ತದೆ, ಹಳೆಯ ಬುಧವಾರವನ್ನು ತರುವುದು ತಮಗೇನು ಮಹಾ.

ಇಷ್ಟು ದೂರಿದ ಮೇಲೆ ನ್ಯಾಯಕ್ಕಾಗಿ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ತಿಂಗಳ ಕೊನೆಗೆ ನನ್ನ ಬಿಡುಗಡೆ ಪತ್ರಕ್ಕಾಗಿ ಹಣಮಂತರಾಯರ ಮುಂದೆ ನಿಂತೆ. ಕೆಲಸ ತಪ್ಪಿದ್ದು ಅವರಿಗೆ ಗೊತ್ತಿರಲಿಲ್ಲ, ಹೇಳಲು ನನಗೆ ನಾಚಿಕೆ. ಸಹಿ ಮಾಡಲು ಪೆನ್ನಿನ ಮುಚ್ಚಳ ತೆಗೆದವರು ಅದನ್ನು ಮತ್ತೆ ಹಾಕಿ, ‘ಇದ್ದಬಿಡೋ ಇಲ್ಲೇ’ ಎಂದರು. ನನ್ನ ಹಾಳು ನಾಲಿಗೆ, ತಮ್ಮ ಪಾಠಕ್ಕೂ ಕಾಯದೆ, ತಾನಾಗಿಯೇ ‘ಬ್ಯಾಡ್ರೀ ಸಾಹುಕಾರ್ರ, ನಿಮಗ್ಯಾಕ ತ್ರಾಸು’ ಎಂದುಬಿಟ್ಟಿತು. ಮುಗಿಯಿತು, ಎರಡನೆಯ ಸಲವೂ ನನ್ನ ಅನ್ನ ನಾನೇ ಒದ್ದುಕೊಂಡೆ ಎಂದು ಜೀವ ಹಾರಿಹೋಯಿತು. ಆದರೆ ಹಣಮಂತರಾಯರು ನಮ್ಮ ತಾಯಿಯಂಥ ತಾಯಿಯ ಕೈಯಲ್ಲಿ ಉಂಡು ಬೆಳೆದವರು. ಕಾಲಿನಿಂದ ಒಂದು ಕುರ್ಚಿ ನನ್ನತ್ತ ತಳ್ಳಿ, ‘ಮೊದಲ ಕೂಡು. ಆ ಮೂಲ್ಯಾಗಿನ ಖೋಲಿ ನಿನಗ ಕೊಡಸ್ತೀನಿ, ಗಾಳಿ ಭಾಳ ಚಲೋ ಬರತೈತಿ’ ಎಂದರು. ಹೂಂ ಅನ್ನಲು ಬಾಯಿ ತೆರೆದರೆ ಸ್ವರ ಬರಲಿಲ್ಲ. ಅವರು ಅದನ್ನೂ ಒಲ್ಲೆ ಎಂದೇ ತಿಳಿದು, ‘ಪ್ರಿಂಟರಿನ ಕೆಲಸಕ್ಕ ಬ್ಯಾರೆ ಮನಷ್ಯಾನ್ನ ಇಡ್ತೀನಿ, ಆತಿಲ್ಲೋ?’ ಎಂದರು. ನಾನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡೆ. ‘ಆತೇಳಪಾ, ಪಗಾರಾನೂ ಏರಸ್ತೀನಿ, ಇನ್ನ ನನ್ನ ಕಾಡಬ್ಯಾಡ’ ಎಂದು ರಾಜೀನಾಮೆಯನ್ನು ಅವರೇ ಹರಿದು ಹಾಕಿದರು.

ನೋಡಿ ಸರ್, ತಮ್ಮ ಪಾಠ ಅಕ್ಷರಶಃ ನಿಜವಾಯಿತು. ನಾನು ಮೊದಲ ಸಲ ಬೇಡ ಎಂದೆ, ಆಮೇಲೆ ಮೌನವಾಗಿದ್ದೆ, ಎದುರಿನವರು ತಾವಾಗಿಯೇ ಏರಿದರು. ಇದನ್ನು ತಾವು ತಮ್ಮ ಜಾಹೀರಾತಿನಲ್ಲಿ ಧಾರಾಳವಾಗಿ ಬಳಸಿಕೊಳ್ಳಬಹುದು. ಒಂದೇ ಸಣ್ಣ ತಿದ್ದುಪಡಿ ಬೇಕಾಗುತ್ತದೆ: ನಾನು ಮೌನವಾಗಿದ್ದದ್ದು ಅಳು ತಡೆಯುವುದಕ್ಕೆ, ಅವರು ಏರುತ್ತ ಹೋದದ್ದು ನಾನು ಹೋಗುವುದನ್ನು ನೋಡಲಾರದೆ. ತಮ್ಮ ಪಾಠದಲ್ಲಿ ಇವೆರಡೂ ಇರಲಿಲ್ಲ.

ದಾರ ಸುತ್ತಿದ ಕುರ್ಚಿಯಲ್ಲಿ ಮರಳಿ ಕೂತಿರುವ, ಫರ್ನಿಚರ್ ಎನಿಸಿಕೊಳ್ಳಲು ಈಗ ಯಾವ ಬೇಸರವೂ ಇಲ್ಲದ,

ತಮ್ಮ ವಿಶ್ವಾಸಿ,
ಕಲ್ಲೇಶ
ದಿಲ್‌ಸುಖ್‌ನಗರ, ಹೈದರಾಬಾದ್

ತಾ.ಕ.: ತಮ್ಮ ಅಕಾಡೆಮಿಯಿಂದ ಕಮಲಾಕ್ಷಿ ಎಂಬುವರು ಫೋನು ಮಾಡಿ ಮುಂದಿನ ಹಂತದ ಕೋರ್ಸಿಗೆ ಸೇರುವಂತೆ ಕೇಳಿದರು. ತಾವು ಕಲಿಸಿದಂತೆ ಬೇಡ ಎಂದೆ. ಮಧ್ಯಾಹ್ನ ಮತ್ತೆ ಕೇಳಿದರು, ಒಲ್ಲೆ ಎಂದೆ. ಸಂಜೆ ಆಣೆ ಹಾಕುವುದೊಂದು ಬಾಕಿ, ಅಷ್ಟು ಪ್ರೀತಿಯಿಂದ ಕೇಳಿದರು. ನಾನು ಮೌನ ತಾಳಿದರೆ ಅವರು ಏರದೆ ಫೀಸನ್ನೇ ಇಳಿಸಿದರು. ಇಡೀ ಹೈದರಾಬಾದಿನಲ್ಲಿ ನಮ್ಮ ತಾಯಿಗೆ ಸರಿಸಮನಾಗಿ ಒತ್ತಾಯ ಮಾಡಬಲ್ಲ ಇನ್ನೊಂದು ಜೀವ ತಮ್ಮ ಕಚೇರಿಯಲ್ಲೇ ಇದೆ. ದಯವಿಟ್ಟು ಆ ಹೆಣ್ಣುಮಗಳಿಗೆ ಮಾಧಾಪುರದ ಆ ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಒಂದು ಕೆಲಸ ಕೊಡಿಸಿ. ಅವರು ಮೊದಲ ಆಫರನ್ನೇ ಒಪ್ಪಿಕೊಳ್ಳುತ್ತಾರೆ, ನಾನು ಕೇಳಿ ನೋಡಿದ್ದೇನೆ. ತಮ್ಮ ಪಾಠವನ್ನು ಅವರು ಒಮ್ಮೆಯೂ ಕೇಳಿಲ್ಲವಂತೆ.