ತಲೆಯೊಳಗಿನ ಬಟಾಣಿ

ಘಾಟ್ಕೋಪರಿನ ಹಾರ್ಮೋನ್ ಡಾಕ್ಟರ ಕ್ಲಿನಿಕ್ಕಿನಲ್ಲಿ ನಾನು ನರ್ಸ್. ದೇಹದ ಒಳಗಿನ ವಿದ್ಯಮಾನ ಕೇಳಿ ಬೆರಗಾಗುವುದು ನನ್ನ ಅಭ್ಯಾಸ. ಆ ದೇಹ ಹೊತ್ತು ಬರುವವರಿಗೆ ನನ್ನನ್ನು ನಗಿಸುವ ಅಭ್ಯಾಸ. ಡಾಕ್ಟರು ಮರಾಠಿಯವರು. ಕನ್ನಡದವರು ಬಂದರೆ ಎರಡೂ ಕಡೆಯ ಮಾತು ನನ್ನ ಬಾಯಿಂದಲೇ ಹೋಗಬೇಕು, ಹಾಗಾಗಿ ಇಂಥ ಪ್ರಸಂಗ ನನಗೆ ತಪ್ಪಿದ್ದೇ ಇಲ್ಲ. ಅದರಲ್ಲೂ ಒಬ್ಬ ಕಂಟ್ರಾಕ್ಟರರದ್ದನ್ನು ಜನ್ಮಕ್ಕೂ ಮರೆಯಲಾರೆ.

ಮೇಸ್ತ್ರಿ

ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಈಗ ಸಣ್ಣ ಕಂಟ್ರಾಕ್ಟರ್ ಆದವರು. ಗೋಕುಲಾಷ್ಟಮಿಗೆ ಚಾಳಿನವರು ಒಬ್ಬರ ಮೇಲೊಬ್ಬರು ಹತ್ತಿ ಮೊಸರಿನ ಗಡಿಗೆ ಒಡೆಯುವಾಗ, ಎಲ್ಲಕ್ಕಿಂತ ಅಡಿಯ ಸಾಲಿನಲ್ಲಿ ಇಪ್ಪತ್ತೈದು ವರ್ಷ ಹೆಗಲು ಕೊಟ್ಟವರು. ಈ ಸಲ ತಂಡದವರು, "ಕಾಕಾ, ನೀವು ಪೈಪ್ ಹಿಡಿದು ನೀರು ಹಾರಿಸಿ ಸಾಕು" ಅಂದುಬಿಟ್ಟಿದ್ದರು. ಅದನ್ನೇ ಹೇಳಿಕೊಂಡು ಹೆಂಡತಿಯ ಜೊತೆ ಕ್ಲಿನಿಕ್ಕಿಗೆ ಬಂದಿದ್ದರು.

ಪರೀಕ್ಷೆಯಲ್ಲಿ ಗ್ರೋತ್ ಹಾರ್ಮೋನ್ ಕಡಿಮೆ ಬಂತು. ಡಾಕ್ಟರು ಪೆಪ್ಟೈಡ್ ಇಂಜೆಕ್ಷನ್ ಬರೆದರು. "ಇದು ಹೊರಗಿನಿಂದ ಹಾರ್ಮೋನ್ ತುಂಬುವುದಲ್ಲ. ಮೆದುಳಿನ ಬುಡದಲ್ಲಿ ಬಟಾಣಿಯಷ್ಟು ಒಂದು ಗ್ರಂಥಿ ಇದೆ. ಇದು ಹೋಗಿ ಅದನ್ನು ಎಬ್ಬಿಸುತ್ತದೆ, ಅದು ತನ್ನದೇ ಹಾರ್ಮೋನ್ ಬಿಡುತ್ತದೆ. ಗ್ಯಾರಂಟಿ ಇಲ್ಲ" ಎಂದು ನಾನು ಕನ್ನಡಕ್ಕೆ ದಾಟಿಸಿದೆ.

ಅವರು ಮೆಲ್ಲಗೆ ತಲೆ ಮುಟ್ಟಿಕೊಂಡರು. "ಏನ್ರೀ ಸಿಸ್ಟರ್, ನಲವತ್ತು ಮಂದೀನ ನಡಸೂ ನನಗ ಒಂದು ಬಟಾಣಿ ಮೇಸ್ತ್ರಿ ಏನ್ರಿ?"

ಹಸಿದ ಹೊಟ್ಟೆ

ಔಷಧ ಪುಡಿಯ ಬಾಟಲಿಗೆ ಅದರ ಜೊತೆ ಕೊಡುವ ಬಾಟಲಿಯ ನೀರು ಬೆರೆಸಿ ಫ್ರಿಜ್ಜಿನಲ್ಲಿಡಬೇಕು. "ಬೆರಸೂದು ನನ್ನ ಕೆಲಸ, ನೀವು ಚುಚ್ಚಿಕೋರಿ" ಎಂದು ಹೆಂಡತಿ ಡಬ್ಬಿಯನ್ನು ಕಸಿದುಕೊಂಡರು. ಸಂಜೆ ಏಳಕ್ಕೆ ಊಟ, ಆಮೇಲೆ ಏನೂ ತಿನ್ನಕೂಡದು, ಮಲಗುವಾಗ ಇಂಜೆಕ್ಷನ್, ಬೆಳಿಗ್ಗೆ ಕಸರತ್ತು. ಎಲ್ಲ ಒಪ್ಪಿದರು.

ಮೂರನೇ ದಿನವೇ ಫೋನು. "ಸಿಸ್ಟರ್, ಖಾವುಗಲ್ಲಿ ಒಳಗ ತಿಂಡಿ ಗಾಡಿ ಮುಂದ ನಿಂತೀನಿ. ದೋಸಿ ವಾಸನಿ ಹೊಟ್ಟಿಗೆ ಹೋದ್ರ ಲೆಕ್ಕಕ್ಕೆ ಹಿಡೀತಾರೇನ್ರಿ?"

"ಇಲ್ಲ" ಅಂದೆ.

"ಹಂಗಾರ ಇನ್ನೂ ಅರ್ಧ ತಾಸು ನಿಂದರತೀನಿ."

ಹೆಗಲು

ತಾಲೀಮಿನಲ್ಲಿ ಅವರು ಅಲ್ಲಾಡದೆ ನಿಂತದ್ದು ನೋಡಿ ತಂಡದವರು ಹಳೆಯ ಜಾಗ ಬಿಟ್ಟುಕೊಟ್ಟರು. ಹಬ್ಬದ ದಿನ ನಾನೂ ಹೋದೆ. ಆ ಹೆಗಲುಗಳ ಮೇಲೆ ಏಳು ಸಾಲು ಎದ್ದು ನಿಂತಾಗ ನನಗೆ ಉಸಿರೇ ಹೋದಂತಾಯಿತು. ಇಷ್ಟಕ್ಕೆಲ್ಲ ಒಂದು ಕಾಳಿನಷ್ಟು ಗ್ರಂಥಿ ಕಾರಣವಾಯಿತಲ್ಲ ಎಂದು ನನ್ನ ಕಣ್ಣೂ ಒದ್ದೆಯಾಯಿತು. ಗಡಿಗೆ ಒಡೆಯಿತು.

ತಲೆಯಿಂದ ಮೊಸರು ಇಳಿಯುತ್ತಿದ್ದರೂ ಅವರು ಬಾಯಿ ಬಿಗಿ ಹಿಡಿದೇ ನಿಂತಿದ್ದರು. ಆಮೇಲೆ ಕೇಳಿದರೆ, "ಗಂಟಿ ಏಳು ಹೊಡದಿತ್ತಲ್ರೀ."

ಪೂಜೆ

ಮರುದಿನ ಗಂಡಹೆಂಡತಿ ಪೇಢೆ ತಂದರು. ಹೊಸ ರಕ್ತದ ರಿಪೋರ್ಟಿನಲ್ಲಿ ಹಾರ್ಮೋನೂ ಮೇಲೇರಿತ್ತು. ಡಾಕ್ಟರು ಖುಷಿಯಲ್ಲಿದ್ದಾಗ ಹೆಂಡತಿ ಚೀಲದಿಂದ ಪುಡಿಯ ಬಾಟಲಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದಕ್ಕೂ ಸೂಜಿ ತಾಗಿರಲಿಲ್ಲ. ಎಲ್ಲಕ್ಕೂ ಕುಂಕುಮ ಹಚ್ಚಿತ್ತು.

"ಶಕ್ತಿ ಔಷಧ ಅಲ್ಲೇನ್ರಿ, ನಲವತ್ತೆಂಟು ದಿನ ಮಾರುತಿ ಮುಂದ ಇಟ್ಟಿದ್ದೆ. ನಿನ್ನೆಗೆ ಮುಗೀತು. ಇವತ್ತಿಂದ ಬೆರಸ್ಲೇನ್ರಿ?"

"ಮತ್ತೆ ಇಷ್ಟು ದಿನ ಚುಚ್ಚಿದ್ದು?" ಅಂದೆ.

"ಬರೇ ಆ ಬಾಟಲಿ ನೀರು. ಚುಚ್ಚಿಕೊಳ್ಳೂ ರೂಢಿ ತಪ್ಪಬಾರದಲ್ರೀ."

ಗಂಡ ಕುರ್ಚಿ ಹಿಡಿದುಕೊಂಡರು. ನಾನು ಮರಾಠಿಯಲ್ಲಿ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ರಿಪೋರ್ಟನ್ನು ಇನ್ನೊಮ್ಮೆ ಓದಿದರು. ಬೇಗ ಊಟ, ಗಾಢ ನಿದ್ದೆ, ಕಸರತ್ತು ಇವೂ ಆ ಗ್ರಂಥಿಯನ್ನು ಎಬ್ಬಿಸುತ್ತವೆ ಎಂದರು. ಫ್ರಿಜ್ಜಿನ ಹೊರಗಿದ್ದ ಪುಡಿ ಇನ್ನು ಬೇಡ ಅಂತಲೂ ಅಂದರು. ಅಷ್ಟು ಓದಿದ ಆ ಮನುಷ್ಯನ ದನಿಯಲ್ಲಿ ಬೆರಗಿತ್ತು, ನನಗಂತೂ ಮೈ ಜುಮ್ಮೆಂದಿತು.

ನಮ್ಮ ಮೂವರ ಮುಖ ನೋಡಿ ಹೆಂಡತಿಗೆ ಅರ್ಥವಾಗಲಿಲ್ಲ. "ಇದರಾಗ ಏನೈತ್ರಿ ಸೋಜಿಗ" ಅಂದರು. "ನೀವಽ ಹೇಳಿದ್ರಿ ಬಟಾಣಿ ಅಂತ. ನೀರು ಬಿದ್ರ ಸಾಕು, ನೆನೆದು ಮೊಳಕಿ ಒಡೀತೈತಿ."